ಎಲ್ಲರ ಪರವಾಗಿ ಒಂದು ಸಾಲು

ಬೆಳಗ್ಗೆ ಬೆಳಗ್ಗೆ ಮಡಿಕೇರಿ ಕೋಟೆ. ಮಂಜು ಎಷ್ಟಿದೆ ಎಂದರೆ ಲೆನ್ಸ್ ಒರೆಸಿ ಒರೆಸಿ ಕರ್ಚೀಫೇ ಒದ್ದೆಯಾಗಿದೆ. ಈ ಕಲ್ಲಾನೆಗಳನ್ನು ನೀವು ನೋಡಿಯೇ ಇರುತ್ತೀರಿ. ಟೂರಿಗೆ ಬಂದವರೆಲ್ಲ ಇದರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ನನ್ನದೂ ಒಂದು ಫೋಟೋ ಇದೆ, ಮೂರನೇ ಕ್ಲಾಸಿನದು, ಮುಂದಿನ ಎರಡು ಹಲ್ಲು ಬಿದ್ದ ಬಾಯಿಯ ಜೊತೆಗೆ.

ಇವತ್ತು ಬಂದಿದ್ದು ಫೋಟೋಗಲ್ಲ. ಇವತ್ತು ಮೇ 7.

1834ರ ಇದೇ ದಿನ ಈಸ್ಟ್ ಇಂಡಿಯಾ ಕಂಪನಿಯ ಕರ್ನಲ್ ಫ್ರೇಜರ್ ಮಡಿಕೇರಿಯಲ್ಲಿ ಒಂದು ಘೋಷಣೆ ಹೊರಡಿಸಿದ. ಅದರ ಸಾರ ಇಷ್ಟೇ: ಕೊಡಗಿನ ಜನರೆಲ್ಲ ಒಕ್ಕೊರಲಿನಿಂದ ಬ್ರಿಟಿಷ್ ಸರ್ಕಾರದ ಆಶ್ರಯ ಬಯಸಿದ್ದಾರೆ, ಆದ್ದರಿಂದ ಈ ಸೀಮೆ ಇನ್ನು ಕಂಪನಿಗೆ ಸೇರಿತು.

ಒಕ್ಕೊರಲಿನಿಂದ! ಅದಕ್ಕೆ ಒಂದು ತಿಂಗಳ ಹಿಂದಷ್ಟೇ ಇದೇ ಜನರಲ್ಲಿ ಎಷ್ಟೋ ಮಂದಿ ಕಂಪನಿ ಪಡೆಯ ಮೇಲೆ ಗುಂಡು ಹಾರಿಸಿದ್ದರು. ಹಾಗಂತ ಚಿಕ್ಕವೀರರಾಜೇಂದ್ರನ ಮೇಲೆ ಎಲ್ಲರಿಗೂ ಪ್ರೀತಿ ಉಕ್ಕುತ್ತಿತ್ತು ಅಂತಲೂ ಅಲ್ಲ. ಅವನ ಕೈಯಲ್ಲಿ ನೊಂದವರು ಬೇಕಾದಷ್ಟು ಜನ ಇದ್ದರು. ಆದರೆ ರಾಜ ಬೇಡ ಅನ್ನುವುದು ಬೇರೆ, ಕಂಪನಿ ಬೇಕು ಅನ್ನುವುದು ಬೇರೆ, ಅಲ್ವಾ? ಆ ಕಾಗದ ಎರಡನ್ನೂ ಸೇರಿಸಿ ಹೊಲಿದುಬಿಟ್ಟಿತು.

ನನಗೆ ಘೋಷಣಾಪತ್ರಗಳ ಹುಚ್ಚು ಹತ್ತಿದ್ದು ಇದನ್ನು ಓದಿದ ಮೇಲೆ. ಅವತ್ತಿನಿಂದ ಯಾವ ದೇಶದ್ದೇ ಸಿಗಲಿ, ಮೊದಲು ಒಂದೇ ವಿಷಯ ಹುಡುಕುತ್ತೇನೆ. ‘ನಾವು’ ಅಂತ ಬರೆದವರು ಯಾರು? ಆ ‘ನಾವು’ ಒಳಗೆ ಯಾರಿಗೆ ಜಾಗ ಸಿಗಲಿಲ್ಲ?

ಅಮೆರಿಕದ್ದು ನಿಮಗೆ ಗೊತ್ತು. 1776ರ ಜುಲೈ 4, 56 ಸಹಿಗಳು. ಅವುಗಳಲ್ಲಿ ಹೆಚ್ಚಿನವು ಬಿದ್ದಿದ್ದು ಆಗಸ್ಟ್ 2ರಂದು ಅನ್ನುವುದು ಬೇರೆ ಮಾತು. ಎಲ್ಲ ಮನುಷ್ಯರೂ ಸಮಾನರು ಅಂತ ಕರಡು ಬರೆದ ಜೆಫರ್ಸನ್ ತನ್ನ ಬದುಕಿನಲ್ಲಿ 600ಕ್ಕೂ ಜಾಸ್ತಿ ಗುಲಾಮರನ್ನು ಇಟ್ಟುಕೊಂಡಿದ್ದ. ಇದನ್ನು ಎಲ್ಲ ಚಾನೆಲ್‌ನವರೂ ಹೇಳಿಯಾಗಿದೆ, ಬಿಡಿ.

ಹೈಟಿಯ ಕಥೆ ಅಷ್ಟು ಜನ ಹೇಳುವುದಿಲ್ಲ. ಅಲ್ಲಿ ಗುಲಾಮರಾಗಿದ್ದವರೇ ಫ್ರೆಂಚ್ ಪಡೆಯನ್ನು ಸೋಲಿಸಿ, 1804ರ ಜನವರಿ 1ರಂದು ಸ್ವಾತಂತ್ರ್ಯ ಘೋಷಿಸಿದರು. 1825ರಲ್ಲಿ ಫ್ರಾನ್ಸ್ ಯುದ್ಧದ ಹಡಗು ತಂದು ನಿಲ್ಲಿಸಿ 15 ಕೋಟಿ ಫ್ರಾಂಕ್ ಕೇಳಿತು. ಆಸ್ತಿ ಕಳೆದುಕೊಂಡ ಮಾಲೀಕರಿಗೆ ಪರಿಹಾರವಂತೆ. ಆ ಆಸ್ತಿಯಲ್ಲಿ ಈ ಮನುಷ್ಯರೂ ಸೇರಿದ್ದರು. ಆಮೇಲೆ ಅದನ್ನು 9 ಕೋಟಿಗೆ ಇಳಿಸಿದರು. ಬಿಡುಗಡೆಯಾಗಿ 21 ವರ್ಷಕ್ಕೆ ಬಿಲ್ ಬಂದ ಹಾಗಾಯಿತು.

ಡಬ್ಲಿನ್‌ನ 1916ರ ಸ್ವಾತಂತ್ರ್ಯ ಘೋಷಣೆ ನನಗೆ ಇಷ್ಟ, ಅದರ ಅಂದಗೇಡಿತನಕ್ಕೇ. ಗುಟ್ಟಾಗಿ ಅಚ್ಚು ಹಾಕುವಾಗ ಅಕ್ಷರದ ಅಚ್ಚುಮೊಳೆಗಳು ಸಾಲಲಿಲ್ಲ. ಮೇಲಿನ ಅರ್ಧ ಅಚ್ಚು ಹಾಕಿ, ಅದೇ ಮೊಳೆಗಳನ್ನು ಬಿಚ್ಚಿ ಕೆಳಗಿನ ಅರ್ಧ ಜೋಡಿಸಿದರು. ಅಕ್ಷರಗಳು ಒಂದರ ಹಾಗೆ ಒಂದಿಲ್ಲ. ಶುರುವಾಗುವುದೇ ಐರ್ಲೆಂಡಿನ ಗಂಡಸರೇ, ಹೆಂಗಸರೇ ಅಂತ. 1916ರಲ್ಲಿ ಹೆಂಗಸರನ್ನೂ ಕೂಗಿ ಕರೆದಿದ್ದು ಸಣ್ಣ ಮಾತಲ್ಲ. ಕೆಳಗೆ ಹೆಸರು ಹಾಕಿದ ಏಳೂ ಜನರನ್ನು ಬ್ರಿಟಿಷರು ಗುಂಡಿಟ್ಟು ಕೊಂದರು.

ಈಗ ನ್ಯೂಜಿಲೆಂಡ್. ಇದು ನಮ್ಮ ಫ್ರೇಜರ್ ಸಾಹೇಬನ ಕಾಗದಕ್ಕೆ ದಾಯಾದಿ. 1835ರಲ್ಲಿ ಉತ್ತರ ಭಾಗದ ಮಾವೋರಿ ಮುಖಂಡರು, ಅಂದರೆ ಅಲ್ಲಿನ ಮೂಲನಿವಾಸಿಗಳು, ನಾವು ಸ್ವತಂತ್ರರು ಅಂತ ಬರೆದು ಸಹಿ ಮಾಡಿದರು. ಐದು ವರ್ಷಕ್ಕೆ, 1840ರ ಫೆಬ್ರವರಿ 6ರಂದು, ಬ್ರಿಟಿಷರು ವೈಟಾಂಗಿಯಲ್ಲಿ ಒಪ್ಪಂದ ಮಾಡಿಸಿಕೊಂಡರು. ಒಬ್ಬ ಪಾದ್ರಿ ಮತ್ತು ಅವನ ಮಗ ರಾತ್ರೋರಾತ್ರಿ ಅದನ್ನು ಮಾವೋರಿಗೆ ತಿರುಗಿಸಿದ್ದರು. ಇಂಗ್ಲಿಷಿನಲ್ಲಿ ಇದ್ದಿದ್ದು ಪೂರ್ತಿ ಸಾರ್ವಭೌಮತ್ವ ರಾಣಿಗೆ ಅಂತ. ಮಾವೋರಿಯಲ್ಲಿ ಬರೆದಿದ್ದು ‘ಕಾವನತಂಗ’, ಅಂದರೆ ಆಡಳಿತ. ನಮ್ಮ ಹಳೇ ಮಾತಲ್ಲಿ ಹೇಳಬೇಕೆಂದರೆ ಪಾರುಪತ್ಯ. ಪಾರುಪತ್ಯ ನಿಮ್ಮದು, ಯಜಮಾನಿಕೆ ನಮ್ಮದು ಅಂತ ಅರ್ಥ ಮಾಡಿಕೊಂಡು 500ಕ್ಕೂ ಹೆಚ್ಚು ಮುಖಂಡರು ಗುರುತು ಹಾಕಿದರು. ಹೆಚ್ಚಿನವರು ಸಹಿ ಮಾಡಿದ್ದು ಮಾವೋರಿ ಪ್ರತಿಗೆ. ಆ ಒಂದು ಪದದ ಜಗಳ ಇವತ್ತಿಗೂ ಮುಗಿದಿಲ್ಲ. ತೋಟದ ಪಾಲುಪಟ್ಟಿ ಬರೆಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಕೊಡಗಿನವರು ಸುಮ್ನೆ ಕೂತಿದ್ದರಾ? ಇಲ್ಲ. ಕಂಪನಿ ಅಮರ ಸುಳ್ಯ, ಪುತ್ತೂರು ಕಡೆಯನ್ನು ಕೊಡಗಿನಿಂದ ಕಿತ್ತು ಮಂಗಳೂರು ಕಡೆಯ ಕೆನರಾ ಜಿಲ್ಲೆಗೆ ಸೇರಿಸಿತು. ಬೆಳೆಯಲ್ಲಿ ಕೊಡುತ್ತಿದ್ದ ಕಂದಾಯವನ್ನು ದುಡ್ಡಲ್ಲೇ ಕಟ್ಟಿ ಅಂದಿತು. 1837ರಲ್ಲಿ ರೈತರು ಎದ್ದರು. ಮಂಗಳೂರಿನ ತನಕ ನಡೆದು ಹೋಗಿ ಗುಡ್ಡದ ಮೇಲೆ ಬಾವುಟ ಏರಿಸಿದರು. ಅದೇ ಇವತ್ತಿನ ಬಾವುಟಗುಡ್ಡ. ಅವರ ಘೋಷಣೆ ಅಂದರೆ ಆ ಬಟ್ಟೆಯೇ. ಅದೇ ವರ್ಷ ಅಕ್ಟೋಬರ್ 31ರಂದು ಆ ದಂಗೆಯ ಮುಖಂಡ ಗುಡ್ಡೆಮನೆ ಅಪ್ಪಯ್ಯಗೌಡರನ್ನು ನಾನೀಗ ನಿಂತಿರುವ ಈ ಕೋಟೆಯ ಹತ್ತಿರವೇ ಗಲ್ಲಿಗೇರಿಸಿದರು. ಒಕ್ಕೊರಲಿನಿಂದ ಆಶ್ರಯ ಬಯಸಿದ ಜನರಲ್ಲಿ ಅವರೂ ಒಬ್ಬರು, ಕಾಗದದ ಲೆಕ್ಕದಲ್ಲಿ.

1948ರ ಡಿಸೆಂಬರ್ 10ರಂದು ಪ್ಯಾರಿಸ್‌ನಲ್ಲಿ ವಿಶ್ವಸಂಸ್ಥೆ ಮಾನವ ಹಕ್ಕುಗಳ ಘೋಷಣೆ ಒಪ್ಪಿಕೊಂಡಿತಲ್ಲ, ಅದರ ಕರಡಿನಲ್ಲಿ ಮೊದಲು ‘ಎಲ್ಲ ಗಂಡಸರು’ ಅನ್ನುವ ಅರ್ಥ ಕೊಡುವ ಪದ ಇತ್ತು. ಅದನ್ನು ‘ಎಲ್ಲ ಮಾನವರು’ ಅಂತ ಬದಲಾಯಿಸಲು ಹಟ ಹಿಡಿದವರು ಭಾರತದ ಪ್ರತಿನಿಧಿ, ನಮ್ಮ ಹಂಸಾ ಮೆಹ್ತಾ. ಓಟು ಬಿದ್ದಿದ್ದು 48, ವಿರೋಧ ಸೊನ್ನೆ, 8 ದೇಶಗಳು ಯಾವ ಕಡೆಗೂ ಓಟು ಹಾಕಲಿಲ್ಲ. ಆ 8 ಅನ್ನುವ ಅಂಕಿಯನ್ನೂ ಬರೆದಿಟ್ಟಿದ್ದಾರೆ ನೋಡಿ, ಅದಕ್ಕೇ ನನಗೆ ಆ ಕಾಗದದ ಮೇಲೆ ನಂಬಿಕೆ.

ಕೊಡಗಿಗೂ ಒಮ್ಮೆ ಅಂಥ ಲೆಕ್ಕ ಸಿಕ್ಕಿತು. 1952ರ ಚುನಾವಣೆ, ಆಗ ಕೊಡಗು ಬೇರೆಯೇ ರಾಜ್ಯ, 24 ಸೀಟು. ಮೈಸೂರಿಗೆ ಸೇರಬೇಕೇ ಬೇಡವೇ ಅನ್ನುವುದೇ ದೊಡ್ಡ ಚರ್ಚೆ. ಕಾಂಗ್ರೆಸ್ಸಿಗೆ 15 ಬಂತು, ಸೇರುವುದು ಬೇಡ ಅಂದ ತಕ್ಕಡಿ ಗುರುತಿನವರ ಕಡೆಗೆ 9. 1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯಕ್ಕೆ ಸೇರಿತು.

ನಮ್ಮ ಮನೆಯಲ್ಲಿ ಅಜ್ಜ ಕಾಂಗ್ರೆಸ್, ಅವರ ತಮ್ಮ ಚಿಕ್ಕಜ್ಜ ತಕ್ಕಡಿ. ನವೆಂಬರ್ 1 ಬಂದರೆ ಅಜ್ಜ ಇಸ್ತ್ರಿ ಅಂಗಿ ಹಾಕಿಕೊಂಡು ಶಾಲೆಯ ರಾಜ್ಯೋತ್ಸವಕ್ಕೆ ಹೊರಡುತ್ತಿದ್ದರು. ಚಿಕ್ಕಜ್ಜನಿಗೆ ಸರಿಯಾಗಿ ಅವತ್ತೇ ಮೆಣಸಿನ ಬಳ್ಳಿ ನೋಡಲು ತೋಟಕ್ಕೆ ಇಳಿಯಬೇಕಾಗುತ್ತಿತ್ತು. ಮಧ್ಯಾಹ್ನ ಇಬ್ಬರೂ ಒಟ್ಟಿಗೆ ಊಟಕ್ಕೆ ಕೂರುತ್ತಿದ್ದರು, ಮಾತೆಲ್ಲ ಮಳೆಯ ಬಗ್ಗೆ.