ಪಂಜರದ ಪಕ್ಕ ನಡೆದು ಹೋಗುವವರು

ಕೇಳುಗರೇ, ನಮಸ್ಕಾರ.

ಹಾಳಾದ ನಾಳೆಯನ್ನು ತೋರಿಸುವ ಸಿನಿಮಾ ಅಂದ ಕೂಡಲೇ ರೋಬೋಗಳು, ಹೊತ್ತಿ ಉರಿಯುವ ನಗರಗಳು ಕಣ್ಣಮುಂದೆ ಬರುತ್ತವೆ, ಅಲ್ವಾ? ನನ್ನನ್ನು ಜಾಸ್ತಿ ಕಾಡಿದ ಸಿನಿಮಾದಲ್ಲಿ ರೋಬೋಗಳೇ ಇಲ್ಲ. ಅದು ಅಲ್ಫಾನ್ಸೊ ಕ್ವಾರೋನ್ 2006ರಲ್ಲಿ ತೆಗೆದ ‘ಚಿಲ್ಡ್ರನ್ ಆಫ್ ಮೆನ್’.

ಕಥೆ ನಡೆಯುವುದು 2027ರ ಬ್ರಿಟನ್‌ನಲ್ಲಿ. 18 ವರ್ಷಗಳಿಂದ ಜಗತ್ತಿನಲ್ಲಿ ಒಂದು ಮಗುವೂ ಹುಟ್ಟಿಲ್ಲ. ಬೇರೆ ದೇಶಗಳು ಕುಸಿದಿವೆ. ಜೀವ ಉಳಿಸಿಕೊಳ್ಳಲು ಓಡಿ ಬಂದವರನ್ನು ಸರ್ಕಾರ ಹಿಡಿದು ಹೊರಗಟ್ಟುತ್ತಿದೆ.

ನಾಯಕ ಥಿಯೋ ಸರ್ಕಾರಿ ನೌಕರ. ರೈಲಿಳಿದು ನಡೆಯುತ್ತಾನೆ. ಪಕ್ಕದಲ್ಲೇ ಕಬ್ಬಿಣದ ಪಂಜರಗಳು, ಒಳಗೆ ಮನುಷ್ಯರು, ಸುತ್ತ ಬಂದೂಕು ಹಿಡಿದ ಪೊಲೀಸರು. ಥಿಯೋ ನಿಲ್ಲುವುದಿಲ್ಲ. ಅವನು ಕೆಟ್ಟವನಲ್ಲ. ದಿನಾ ನೋಡಿ ನೋಡಿ ರೂಢಿಯಾಗಿಬಿಟ್ಟಿದೆ. ಆದರೆ ಕ್ಯಾಮೆರಾ ಆ ಮುಖಗಳನ್ನು ನಮಗೆ ತೋರಿಸಿಯೇ ಮುಂದೆ ಹೋಗುತ್ತದೆ. ಇಡೀ ಸಿನಿಮಾದ ಸಿಟ್ಟು ಹೀಗೆ ಚೌಕಟ್ಟಿನ ಅಂಚಿನಲ್ಲೇ ಇದೆ.

ಥಿಯೋನ ಸೋದರಸಂಬಂಧಿಯೊಬ್ಬ ಅಧಿಕಾರದಲ್ಲಿದ್ದಾನೆ. ಮೈಕೆಲ್ಯಾಂಜೆಲೊನ ಡೇವಿಡ್ ಪ್ರತಿಮೆ, ಪಿಕಾಸೊನ ಗೆರ್ನಿಕಾ ಚಿತ್ರ ಎಲ್ಲವನ್ನೂ ತಂದು ಕಾಪಾಡುತ್ತಾನೆ. ಇನ್ನು ನೂರು ವರ್ಷಕ್ಕೆ ಇವನ್ನು ನೋಡಲು ಯಾರೂ ಇರುವುದಿಲ್ಲವಲ್ಲ, ಹೇಗೆ ಬದುಕುತ್ತೀಯ ಎಂದು ಥಿಯೋ ಕೇಳುತ್ತಾನೆ. ಅದರ ಬಗ್ಗೆ ಯೋಚನೆಯೇ ಮಾಡುವುದಿಲ್ಲ ಎಂದುಬಿಡುತ್ತಾನೆ ಅವನು. ನನ್ನ ಪಾಲಿಗೆ ಸಿನಿಮಾದ ಅತಿ ಭಯಾನಕ ಮಾತು ಅದೇ.

ಇದೆಲ್ಲ ಸುಮ್ನೆ ಕಲ್ಪನೆಯೇನಲ್ಲ. ಸಿನಿಮಾದ ಕೊನೆಯ ಭಾಗದಲ್ಲಿ ಬೆಕ್ಸ್‌ಹಿಲ್ ಎಂಬ ಊರು ಇಡಿಯಾಗಿ ನಿರಾಶ್ರಿತರ ಸೆರೆಯಾಗಿದೆ. ಬಸ್ಸಿನ ಕಿಟಕಿಯಾಚೆ ತಲೆಗೆ ಮುಸುಕು ಹಾಕಿಸಿಕೊಂಡು ನಿಂತ ಕೈದಿ ಕಾಣುತ್ತಾನೆ. ಇರಾಕಿನ ಅಬು ಘ್ರೈಬ್ ಜೈಲಿನಲ್ಲಿ ಅಮೆರಿಕದ ಸೈನಿಕರು ಕೈದಿಗಳನ್ನು ಹಿಂಸಿಸಿದ, 2004ರಲ್ಲಿ ಹೊರಬಂದ ಫೋಟೋಗಳನ್ನು ನೋಡಿದವರಿಗೆ ಆ ನಿಲುವು ಕೂಡಲೇ ಗುರುತಾಗುತ್ತದೆ. ಸಿನಿಮಾ ಬಂದು 12 ವರ್ಷಕ್ಕೆ, 2018ರಲ್ಲಿ, ಅಮೆರಿಕದ ಟೆಕ್ಸಾಸ್‌ನಿಂದ ಇನ್ನಷ್ಟು ಫೋಟೋಗಳು ಬಂದವು. ಗಡಿ ದಾಟಿ ಬಂದ ಮಕ್ಕಳನ್ನು ತಂತಿಬಲೆಯ ಆವರಣಗಳಲ್ಲಿ ಕೂಡಿಹಾಕಿದ್ದರು. ಮಕ್ಕಳಿಲ್ಲದ ಜಗತ್ತಿನ ಕಥೆ ನೋಡಿ ಅತ್ತವರು, ಕಣ್ಣೆದುರಿನ ಆ ಮಕ್ಕಳನ್ನು ಎಷ್ಟು ದಿನ ನೆನಪಿಟ್ಟುಕೊಂಡರು?

ಮಕ್ಕಳು ಹುಟ್ಟುವುದು ಯಾಕೆ ನಿಂತಿತು ಎಂಬುದನ್ನು ಸಿನಿಮಾ ಕೊನೆತನಕ ಹೇಳುವುದಿಲ್ಲ. ಇದು ಕೊರತೆ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಒಂದು ವೈರಸ್ಸನ್ನೋ ವಿಷದ ಗಾಳಿಯನ್ನೋ ಕಾರಣವಾಗಿ ತೋರಿಸಿದ್ದರೆ ತಪ್ಪೆಲ್ಲ ಅದರದ್ದೇ ಎಂದು ನಾವು ಹಗುರಾಗುತ್ತಿದ್ದೆವು. ಪಂಜರಗಳನ್ನು ಕಟ್ಟಿದ್ದು ಮಾತ್ರ ಯಾವ ರೋಗವೂ ಅಲ್ಲ, ಮನುಷ್ಯರೇ.

ನಮಸ್ಕಾರ.