ಮಂಚದ ಕೆಳಗೆ ಮಲಗಿದವನು

ತೈವಾನಿನ ರಾಜಧಾನಿ ತಾಯ್‌ಪೇ ನಗರದ ಒಂದು ಅಪಾರ್ಟ್‌ಮೆಂಟು. ಬಾಗಿಲಲ್ಲಿ ಯಾರೋ ಮರೆತುಹೋದ ಕೀಲಿಕೈ. ಒಬ್ಬ ಹುಡುಗ ಅದನ್ನು ಎಗರಿಸುತ್ತಾನೆ. ತ್ಸಾಯ್ ಮಿಂಗ್-ಲಿಯಾಂಗ್ ಅವರ 1994ರ ಸಿನಿಮಾ 'ವೀವ್ ಲಾಮೂರ್' ಶುರುವಾಗೋದೇ ಹೀಗೆ. ಕದ್ದವನು ಯಾರು ಅಂತ ನಮಗೆ ಆಗಲೇ ಗೊತ್ತಾಯ್ತು. ಅವನಿಗೆ ಏನು ಬೇಕು ಅನ್ನೋದು ಮಾತ್ರ ಕೊನೆಯವರೆಗೂ ಬಿಡಿಸಲಾಗದ ಗಂಟು. ತೈವಾನಿನ ಒಳ್ಳೆಯ ಪ್ರೇಮಚಿತ್ರಗಳ ರಹಸ್ಯ ಇರೋದು ಈ ಗಂಟಿನಲ್ಲೇ. ಅದನ್ನು ಬಿಚ್ಚಿ ತೋರಿಸಿದ ಕಡೆ ಸಿನಿಮಾ ಸೊರಗುತ್ತೆ ಅನ್ನೋದು ನನ್ನ ವಾದ.

ಆ ಖಾಲಿ ಮನೆಗೆ ಬಂದುಹೋಗುವವರು ಮೂರು ಜನ. ಮನೆ ಮಾರುವ ಏಜೆಂಟ್ ಮೇ ಲಿನ್. ಬೀದಿಯಲ್ಲಿ ಬಟ್ಟೆ ಹರವಿ ಮಾರುವ ಆ-ಜುಂಗ್. ಕೀಲಿ ಕದ್ದ ಶಿಯಾವ್-ಕಾಂಗ್. ಇವನು ಮಾರೋದು ಚಿತಾಭಸ್ಮ ಇಡುವ ಗೂಡುಗಳನ್ನು. ಬದುಕಿದವರ ಮನೆ ಒಬ್ಬಳ ಕೈಯಲ್ಲಿ, ಸತ್ತವರ ಮನೆ ಇನ್ನೊಬ್ಬನ ಕೈಯಲ್ಲಿ. ಆದರೆ ಮೈಮರೆತು ಮಲಗೋಕೆ ಮೂವರಿಗೂ ಬೇರೆಯವರ ಹಾಸಿಗೆಯೇ ಬೇಕು.

ಮೇ ಮತ್ತು ಆ-ಜುಂಗ್ ಕೂಡುವಾಗ ಶಿಯಾವ್-ಕಾಂಗ್ ಅದೇ ಮಂಚದ ಕೆಳಗೆ ಅಡಗಿ ಮಲಗಿರುತ್ತಾನೆ. ಅವಳು ಎದ್ದುಹೋದ ನಂತರ ಮಂಚದ ಮೇಲೆ ಬಂದು, ನಿದ್ದೆಯಲ್ಲಿರುವ ಆ-ಜುಂಗ್ ಪಕ್ಕ ಮೆಲ್ಲಗೆ ಒರಗಿ, ಇಂಚಿಂಚೇ ಹತ್ತಿರ ಸರಿದು, ತುಟಿಗೆ ತುಟಿ ತಾಗಿಸುತ್ತಾನೆ. ಹಿನ್ನೆಲೆ ಸಂಗೀತ ಇಡೀ ಸಿನಿಮಾದಲ್ಲೇ ಇಲ್ಲ. ಇಲ್ಲಿ ಒಂದು ಪಿಟೀಲು ನುಡಿದಿದ್ದರೆ ಸಾಕಿತ್ತು, ಇದು ಪ್ರೀತಿಯೋ ಕಾಮವೋ ಒಂಟಿತನವೋ ಅಂತ ನಮ್ಮ ಪರವಾಗಿ ಅದೇ ತೀರ್ಪು ಕೊಟ್ಟುಬಿಡುತ್ತಿತ್ತು. ಆ ತೀರ್ಪು ಸಿಗದ್ದಕ್ಕೇ ನಾವೂ ಅವನ ಜೊತೆ ಉಸಿರು ಹಿಡಿದು ಕೂರಬೇಕಾಗುತ್ತೆ.

ಕೊನೆಗೆ ಮೇ, ಆಗಷ್ಟೇ ಕಟ್ಟಿದ್ದ ದಾ-ಆನ್ ಪಾರ್ಕಿನ ಕೆಸರು ದಾಟಿ ಬೆಂಚಿನ ಮೇಲೆ ಕೂತು ಅಳುತ್ತಾಳೆ. ಸುಮಾರು ಆರು ನಿಮಿಷ. ನಡುವೆ ನಿಲ್ಲಿಸಿ ಸಿಗರೇಟು ಹಚ್ಚುತ್ತಾಳೆ, ಮತ್ತೆ ಅಳು ಒತ್ತರಿಸಿ ಬರುತ್ತೆ. ದಯವಿಟ್ಟು ಇದನ್ನು ಫೋನಿನಲ್ಲಿ ಒಂದೂವರೆ ಪಟ್ಟು ವೇಗಕ್ಕೆ ಹಾಕಿ ನೋಡಬೇಡಿ. ಮೊದಲ ನಿಮಿಷ 'ಯಾಕೆ ಅಳ್ತಿದಾಳೆ' ಅಂತ ಕಾರಣ ಹುಡುಕುತ್ತೀವಿ. ಹುಡುಕಿ ಸಾಕಾದ ಮೇಲೇ ಆ ಮುಖ ನಮಗೆ ಕಾಣೋಕೆ ಶುರುವಾಗೋದು. ಹೆಡ್‌ಫೋನ್ ಹಾಕಿ, ದೀಪ ಆರಿಸಿ ನೋಡಿ.

ಈಗ ಇದರ ಎದುರಿಗೆ 2020ರ 'ಮೈ ಮಿಸ್ಸಿಂಗ್ ವ್ಯಾಲೆಂಟೈನ್' ಇಟ್ಟು ನೋಡಿ. ನಿರ್ದೇಶನ ಚೆನ್ ಯು-ಶುನ್. ತೈವಾನಿನ ಗೋಲ್ಡನ್ ಹಾರ್ಸ್ ಸಿನಿಮಾ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಚಿತ್ರವೂ ಸೇರಿ ಐದು ಬಂದವು. ಅಂಚೆ ಕಚೇರಿಯ ಹುಡುಗಿ ಎಲ್ಲದರಲ್ಲೂ ಒಂದು ಸೆಕೆಂಡು ಮುಂದೆ. ಒಂದು ದಿನ ಏಳುತ್ತಾಳೆ: ಪ್ರೇಮಿಗಳ ದಿನವೇ ಮಾಯ, ಮೈ ಮಾತ್ರ ಬಿಸಿಲಿಗೆ ಕಂದಿದೆ. ಎಂಥ ಸೊಗಸಾದ ಒಗಟು! ಅರ್ಧ ದಾಟಿದ ಮೇಲೆ ಸಿನಿಮಾ ಎಲ್ಲವನ್ನೂ ಬಿಡಿಸಿ ಹೇಳುತ್ತೆ: ಎಲ್ಲದರಲ್ಲೂ ನಿಧಾನದ ಬಸ್ ಚಾಲಕನಿಗೆ ಆ ದಿನ ಹೆಚ್ಚುವರಿಯಾಗಿ ಸಿಕ್ಕಿದೆ, ಕಾಲ ನಿಂತುಹೋಗಿ ಕಲ್ಲಿನಂತಾಗಿರುವ ಅವಳನ್ನು ಅವನು ಸಮುದ್ರತೀರಕ್ಕೆ ಒಯ್ದು ಜೊತೆಯಲ್ಲಿ ಫೋಟೋ ತೆಗೆದುಕೊಂಡಿದ್ದಾನೆ. ಲೆಕ್ಕ ಪಕ್ಕಾ. ಆದರೆ ಅವಳನ್ನು ಕೇಳಿದವರು ಯಾರು?

ಹೌದು, ಶಿಯಾವ್-ಕಾಂಗ್ ಕೂಡ ನಿದ್ದೆಯಲ್ಲಿದ್ದವನನ್ನು ಕೇಳಲಿಲ್ಲ. ಆದರೆ ತ್ಸಾಯ್ ಅದನ್ನು ಪ್ರೇಮ ಅಂತ ಹೇಳಿ ನಮ್ಮ ಕೈಗಿಡುವುದಿಲ್ಲ, ನಮ್ಮ ಮುಜುಗರವನ್ನು ಹಾಗೇ ಉಳಿಸುತ್ತಾರೆ. ಚೆನ್ ಅವರದು ಮುದ್ದಾಗಿಸಿ ಕ್ಷಮಿಸುವ ದಾರಿ. ಮೊದಲರ್ಧ ಅಷ್ಟು ಚೆನ್ನಾಗಿರುವುದರಿಂದಲೇ ನನಗೆ ಬೇಸರ.

ಇನ್ನು ತ್ಸಾಯ್ ಅವರದೇ 2003ರ 'ಗುಡ್‌ಬೈ, ಡ್ರ್ಯಾಗನ್ ಇನ್'. 82 ನಿಮಿಷ. ಮುಚ್ಚಲಿರುವ ಚಿತ್ರಮಂದಿರದ ಕೊನೆಯ ಆಟ. ಮೊದಲ ಮಾತು ಬರುವ ಹೊತ್ತಿಗೆ ಸಿನಿಮಾ ಅರ್ಧ ಮುಗಿದಿರುತ್ತೆ. ಕತ್ತಲಲ್ಲಿ ಗಂಡಸರು ಒಬ್ಬರಿಗೊಬ್ಬರು ಹಾದುಹೋಗುತ್ತಾ ಜೊತೆ ಹುಡುಕುತ್ತಾರೆ. ಅಷ್ಟರಲ್ಲಿ ಒಬ್ಬ, ಈ ಟಾಕೀಸಿನಲ್ಲಿ ದೆವ್ವಗಳಿವೆ ಅಂತಾನೆ. ಅಲ್ಲಿಂದಾಚೆ ಬದುಕಿರುವವರು ಯಾರು ಅನ್ನೋ ಸಂಶಯ ನಮ್ಮನ್ನು ಬಿಡಲ್ಲ. ಕಾಲು ಸರಿಯಿಲ್ಲದ ಟಿಕೆಟ್ ಕೌಂಟರಿನ ಹೆಂಗಸು ಗುಲಾಬಿ ಬಣ್ಣದ ಬನ್ನಿನಲ್ಲಿ ಅರ್ಧ ಉಳಿಸಿ, ಪ್ರೊಜೆಕ್ಟರ್ ನಡೆಸುವವನಿಗಾಗಿ ಮೆಟ್ಟಿಲು ಹತ್ತುತ್ತಾಳೆ. ಒಂದೊಂದು ಹೆಜ್ಜೆಯೂ ಕೇಳಿಸುತ್ತೆ. ಮೇಲೆ ಹೋದರೆ ಅವನಿಲ್ಲ.

ಅವಳಿಗೆ ಅವನ ಮೇಲೆ ಪ್ರೀತಿ ಇತ್ತು ಅಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕೊನೆಗೆ ಅವನು ಅವಳ ರೈಸ್ ಕುಕ್ಕರ್ ಎತ್ತಿಕೊಂಡು ಸ್ಕೂಟರಿನಲ್ಲಿ ಹೊರಟುಹೋಗುತ್ತಾನೆ. ಅವಳು ಮಳೆಯಲ್ಲಿ ಕೊಡೆ ಹಿಡಿದು, ಕುಂಟುತ್ತಾ, ಒಬ್ಬಳೇ ನಡೆಯುತ್ತಾಳೆ.