ಬಸ್ಸು ನಿಂತಾಗ ಮಾತ್ರೆಯೂ ನಿಂತಿತು

ಕೇಳುಗರಿಗೆ ನಮಸ್ಕಾರ. 2020ರ ಮಾರ್ಚ್ 25ರಿಂದ ದೇಶವೆಲ್ಲ ಲಾಕ್‌ಡೌನ್ ಆದಾಗ ಆಸ್ಪತ್ರೆಗೂ ಔಷಧಿ ಅಂಗಡಿಗೂ ವಿನಾಯಿತಿ ಇತ್ತು. ಬಸ್ಸಿಗೆ ಇರಲಿಲ್ಲ. ಲಿಂಗಸುಗೂರು, ದೇವದುರ್ಗ, ಕುಷ್ಟಗಿ ಕಡೆಯ ತಾಂಡಾಗಳಿಂದ ತಾಲ್ಲೂಕು ದವಾಖಾನೆಗೆ ಬರುವ ಬಡವರಿಗೆ ಕೆಂಪು ಬಸ್ಸು ಬಿಟ್ಟರೆ ಟಂಟಂ ಆಟೊ. ಎರಡೂ ನಿಂತವು. ಜೊತೆಗೆ ಕೂಲಿಯೂ ನಿಂತಿತ್ತು, ಬಾಡಿಗೆ ಗಾಡಿ ಮಾಡಿಕೊಂಡು ಬರೋಣವೆಂದರೆ ಕೈಯಲ್ಲಿ ಕಾಸಿಲ್ಲ.

ಇದು ನಮ್ಮೊಬ್ಬರ ಕಥೆಯಲ್ಲ. 2014ರಿಂದ ಪಶ್ಚಿಮ ಆಫ್ರಿಕಾದ ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್ ದೇಶಗಳಲ್ಲಿ ಎಬೋಲಾ ಹರಡಿದಾಗ ಆ ರೋಗದಿಂದ 11 ಸಾವಿರಕ್ಕೂ ಹೆಚ್ಚು ಜನ ಸತ್ತರು. ದವಾಖಾನೆಯ ದಾರಿ ಮುಚ್ಚಿ ಮಲೇರಿಯಾ, ಕ್ಷಯ, ಎಚ್‌ಐವಿಯಿಂದ ಸತ್ತವರೂ ಹೆಚ್ಚುಕಡಿಮೆ ಅಷ್ಟೇ ಎಂದು ಆಮೇಲೆ ಅಂದಾಜಾಯಿತು. ಈ ಎರಡನೆಯ ಲೆಕ್ಕ ದಿನದ ಬುಲೆಟಿನ್ನಿನಲ್ಲಿ ಬರುವುದಿಲ್ಲ ನೋಡಿ.

ಕ್ಷಯವನ್ನೇ ತೆಗೆದುಕೊಳ್ಳಿ. ಸಾಮಾನ್ಯ ಕ್ಷಯಕ್ಕೆ 6 ತಿಂಗಳ ಚಿಕಿತ್ಸೆ: ಮೊದಲ 2 ತಿಂಗಳು ನಾಲ್ಕು ಔಷಧಿ ಕೂಡಿದ ಮಾತ್ರೆ, ಮುಂದಿನ 4 ತಿಂಗಳು ಮೂರು ಔಷಧಿಯದು. 35ರಿಂದ 49 ಕಿಲೋ ತೂಗುವವರು ದಿನಕ್ಕೆ 3 ಮಾತ್ರೆ ನುಂಗಬೇಕು, ಅಂದರೆ 28 ದಿನಕ್ಕೆ 84. ಎರಡು ಮೂರು ವಾರಕ್ಕೆ ಜ್ವರ ಇಳಿಯುತ್ತದೆ, ಕೆಮ್ಮು ಕಡಿಮೆಯಾಗುತ್ತದೆ, ಊಟ ರುಚಿಸುತ್ತದೆ. ಅಪಾಯ ಇರುವುದೇ ಅಲ್ಲಿ. ನಿಧಾನವಾಗಿ ಬೆಳೆಯುವ ರೋಗಾಣುಗಳು ಒಳಗೆ ಉಳಿದಿರುತ್ತವೆ. ಮಾತ್ರೆ ಬಿಟ್ಟರೆ ರೋಗ ಮರುಕಳಿಸಬಹುದು, ಬಿಟ್ಟು ಬಿಟ್ಟು ತಗೊಂಡರೆ ಔಷಧಿಗೇ ಬಗ್ಗದ ಕ್ಷಯವಾಗಬಹುದು. ಆಗಿನ ಪದ್ಧತಿಯಲ್ಲಿ ಅದರ ಚಿಕಿತ್ಸೆ 9ರಿಂದ 20 ತಿಂಗಳು ಎಳೆಯುತ್ತಿತ್ತು.

ಬೆಂಗಳೂರು, ಪುಣೆಗೆ ಗುಳೆ ಹೋದವರು ಗಂಟುಮೂಟೆ ಕಟ್ಟಿಕೊಂಡು ಮರಳುವಾಗ ಚಿಕಿತ್ಸೆಯ ಕಾರ್ಡು ಅಲ್ಲಿಯ ಶೆಡ್ಡಿನಲ್ಲೇ ಉಳಿದರೆ ಇಲ್ಲಿ ಎಷ್ಟನೇ ತಿಂಗಳಿನಿಂದ ಮುಂದುವರಿಸಬೇಕೆಂಬ ಗೊಂದಲ. ಕ್ಷಯರೋಗಿಗಳ ಸರ್ಕಾರಿ ದಾಖಲೆಯ ನಿಕ್ಷಯ್ ಸಂಖ್ಯೆ ಗೊತ್ತಿದ್ದರೆ ಕಂಪ್ಯೂಟರಿನಲ್ಲಿ ದಾಖಲೆ ತೆಗೆದು ಚಿಕಿತ್ಸೆಯನ್ನು ನಮ್ಮ ಜಿಲ್ಲೆಗೆ ವರ್ಗಾಯಿಸಬಹುದು. ಆ ಸಂಖ್ಯೆಯನ್ನು ಮೊಬೈಲಿನಲ್ಲಿ ಯಾರದೋ ನಂಬರಿನ ಹಾಗೆ ಸೇವ್ ಮಾಡಿಕೊಳ್ಳಿ. ಕಾರ್ಡು ಕಳೆದೀತು, ಮೊಬೈಲು ಸಾಧಾರಣವಾಗಿ ಜೇಬಿನಲ್ಲೇ ಇರುತ್ತದೆ.

ಕಫ ಪರೀಕ್ಷಿಸುವ ಯಂತ್ರಗಳನ್ನೂ ಆಗ ಕೊರೊನಾ ಪರೀಕ್ಷೆಗೆ ಬಳಸಲಾಯಿತು. ದೇಶದಲ್ಲಿ 2019ರಲ್ಲಿ ಸುಮಾರು 24 ಲಕ್ಷ ಕ್ಷಯರೋಗಿಗಳು ದಾಖಲಾಗಿದ್ದರು, 2020ರಲ್ಲಿ ಸುಮಾರು 18 ಲಕ್ಷ. ಉಳಿದವರ ಕೆಮ್ಮು ವಾಸಿಯಾಗಿರಲಿಲ್ಲ, ಅವರು ಮನೆಯೊಳಗೇ ಕೆಮ್ಮುತ್ತಿದ್ದರು.

ಇನ್ನು ಸಕ್ಕರೆ ಕಾಯಿಲೆಯ ಇನ್ಸುಲಿನ್. ಏಪ್ರಿಲ್‌ನಲ್ಲಿ ರಾಯಚೂರಿನ ಬಿಸಿಲು 40 ಡಿಗ್ರಿ ದಾಟುತ್ತದೆ. ತೆರೆಯದ ಸೀಸೆಗೆ ಬೇಕಾದದ್ದು 2ರಿಂದ 8 ಡಿಗ್ರಿ, ಅದು ಆರೋಗ್ಯ ಕೇಂದ್ರದ ಫ್ರಿಜ್ಜಿನಲ್ಲೇ ಇರಲಿ. ತೆರೆದ ಸೀಸೆಯನ್ನು ಮನೆಯಲ್ಲಿ ಹೀಗಿಡಬಹುದು: ದೊಡ್ಡ ಗಡಿಗೆಯೊಳಗೆ ಸಣ್ಣ ಗಡಿಗೆ ಇಟ್ಟು, ನಡುವಿನ ಸಂದಿಗೆ ಉಸುಕು ತುಂಬಿ ನೀರು ಹನಿಸಿ, ಬಾಯಿಗೆ ಒದ್ದೆ ಬಟ್ಟೆ ಮುಚ್ಚಿ, ಗಾಳಿಯಾಡುವ ನೆರಳಿನಲ್ಲಿಡಿ. ಉಸುಕು ಒಣಗಬಾರದು. ಸೀಸೆ ಪ್ಲಾಸ್ಟಿಕ್ ಚೀಲದಲ್ಲಿರಲಿ. ತೆರೆದ ದಿನಾಂಕ ಅದರ ಮೇಲೆ ಬರೆಯಿರಿ, ಸಾಮಾನ್ಯವಾಗಿ 28 ದಿನವಾದ ಮೇಲೆ ಅದನ್ನು ಬಳಸಬೇಡಿ.

ಇದಕ್ಕಿಂತ ದೊಡ್ಡ ಅಪಾಯ ಸಿರಿಂಜಿನಲ್ಲಿದೆ. ನಮ್ಮಲ್ಲಿ ಬಳಕೆಯಲ್ಲಿರುವ ಸೀಸೆ ಹೆಚ್ಚಾಗಿ ಒಂದು ಮಿಲಿಗೆ 40 ಯೂನಿಟ್‌ನದು, ಅದರ ಸಿರಿಂಜಿಗೆ ಕೆಂಪು ಮುಚ್ಚಳ. 100 ಯೂನಿಟ್‌ನ ಸಿರಿಂಜಿಗೆ ಕಿತ್ತಳೆ ಮುಚ್ಚಳ. ಅಂಗಡಿಯಲ್ಲಿ ಸರಕು ತೀರಿದಾಗ ಸಿಕ್ಕಿದ್ದನ್ನು ಕೊಂಡು ತರುತ್ತಾರೆ. 100ರ ಸೀಸೆಯಿಂದ ಕೆಂಪು ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ ಮೈಗೆ ಹೋಗುವುದು 50 ಯೂನಿಟ್, ಎರಡೂವರೆ ಪಟ್ಟು. ರಕ್ತದ ಸಕ್ಕರೆ ವಿಪರೀತ ಇಳಿದು ಬೆವರು, ನಡುಕ, ಕಡೆಗೆ ಎಚ್ಚರ ತಪ್ಪುವುದು, ಅದೂ ರಾತ್ರಿ ಗಾಡಿ ಸಿಗದ ಹೊತ್ತಿನಲ್ಲಿ. ಸೀಸೆಯ ಮೇಲಿನ ಸಂಖ್ಯೆ, ಸಿರಿಂಜಿನ ಮೇಲಿನ ಸಂಖ್ಯೆ ಒಂದೇ ಇರದಿದ್ದರೆ ಚುಚ್ಚಬೇಡಿ, ಅಂಗಡಿಗೋ ಆಸ್ಪತ್ರೆಗೋ ಫೋನ್ ಮಾಡಿ ಕೇಳಿ.

ಡಯಾಲಿಸಿಸ್‌ಗೆ ಇಂಥ ಉಪಾಯಗಳಿಲ್ಲ. ಪ್ರತಿ ಬಾರಿ ಸುಮಾರು 4 ಗಂಟೆ, ವಾರಕ್ಕೆ ಎರಡು ಮೂರು ಸಲ. ಒಂದು ತಪ್ಪಿದರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯ ನಿಲ್ಲಬಹುದು. ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಪೊಟ್ಯಾಸಿಯಂ ಹೆಚ್ಚಿರುವ ಬಾಳೆಹಣ್ಣು, ಎಳನೀರು ಬೇಡ, ಗಾಡಿಯ ವ್ಯವಸ್ಥೆ ಮೊದಲು.

ಗುರುವಾರದ ಲಸಿಕೆಗೂ ಒಂದು ಸಣ್ಣ ತೊಡಕಿದೆ. ಮಕ್ಕಳಿಗೆ ಕ್ಷಯ ತಡೆಯಲು ಹಾಕುವ ಬಿಸಿಜಿ ಲಸಿಕೆಯ ಸೀಸೆಯಲ್ಲಿ 10 ಮಕ್ಕಳಿಗಾಗುವಷ್ಟು ಇರುತ್ತದೆ, ಕಲಸಿದ 4 ಗಂಟೆಯೊಳಗೆ ಮುಗಿಸಬೇಕು. ಇಬ್ಬರೇ ಮಕ್ಕಳು ಬಂದರೆ ಉಳಿದದ್ದು ಹಾಳಾಗುತ್ತದೆಂದು ಸೀಸೆ ಒಡೆಯಲು ಕೈ ಹಿಂಜರಿಯುತ್ತದೆ. ಹಿಂಜರಿಯಬಾರದು. ಒಂದು ಮಗು ಬಂದರೂ ತೆರೆಯಲೇಬೇಕು.

ಗ್ರಾಮ ಪಂಚಾಯಿತಿಗಳು ಇಂದೇ ಮಾಡಬಹುದಾದ ಕೆಲಸವೆಂದರೆ ಒಂದು ಪಟ್ಟಿ. ಊರಿನಲ್ಲಿ ಬಿಪಿ, ಸಕ್ಕರೆ, ಕ್ಷಯ, ಫಿಟ್ಸ್ ಮಾತ್ರೆ ನುಂಗುವವರು ಯಾರು, ಯಾರ ಮಾತ್ರೆ ಯಾವ ದಿನ ತೀರುತ್ತದೆ ಎಂಬುದು ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿರಲಿ. ರೋಗಿಯ ಬಗ್ಗೆ ಊರಿಗೆಲ್ಲ ಹೇಳಬೇಕಿಲ್ಲ. 28 ದಿನದ ಮಾತ್ರೆಗೆ 20ನೇ ದಿನವೇ ಕರೆ ಹೋಗಬೇಕು. ಉಳಿದ 8 ದಿನದಲ್ಲಿ ಒಂದು ಗಾಡಿ ಹೊಂದಿಸಿ, ಹತ್ತು ಮನೆಯ ಮಾತ್ರೆಯನ್ನು ಒಂದೇ ಸಲ ತರಬಹುದು.